ಮುಹೂರ್ತದ ಹೊತ್ತಿಗೆ ಯಾವ ಕ್ಯಾಮೆರಾ?

ನಿಕಾನ್ ಡಿ7200 ಬಂದದ್ದು 2015ರಲ್ಲಿ, ಕ್ಯಾನನ್ 80ಡಿ ಮರುವರ್ಷ. ಎರಡೂ 24.2 ಮೆಗಾಪಿಕ್ಸೆಲ್‌ನವು, ತೂಕವೂ ಮುಕ್ಕಾಲು ಕಿಲೋ ಆಸುಪಾಸು. ಮಿರರ್‌ಲೆಸ್ ಕಾಲದಲ್ಲಿ ಇವು ಸೆಕೆಂಡ್ ಹ್ಯಾಂಡ್ ಪೇಟೆಗೆ ಇಳಿದಿವೆ. ಹಾಗಾಗಿಯೇ ಚನ್ನಗಿರಿಯಲ್ಲೋ ನ್ಯಾಮತಿಯಲ್ಲೋ ಸಣ್ಣ ಬಂಡವಾಳದಲ್ಲಿ ಸ್ಟುಡಿಯೊ ತೆರೆಯಬೇಕೆಂದಿರುವವರು ಇವನ್ನು ಅಳೆದು ನೋಡಬೇಕು.

ನಮ್ಮ ಕಡೆ ಸ್ಟುಡಿಯೊ ನಿಂತಿರುವುದೇ ಮದುವೆ ಕೆಲಸದ ಮೇಲೆ. ಮಾಂಗಲ್ಯಧಾರಣೆ ಮತ್ತೊಮ್ಮೆ ನಡೆಯುವುದಿಲ್ಲ. ಡಿ7200ರಲ್ಲಿ ಎರಡು ಕಾರ್ಡ್ ಹಾಕಬಹುದು. ಎರಡನೆಯ ಕಾರ್ಡನ್ನು ಬ್ಯಾಕಪ್‌ಗೆ ಹೊಂದಿಸಿದರೆ, ತೆಗೆದ ಪ್ರತಿ ಚಿತ್ರವನ್ನೂ ಅದು ಎರಡರಲ್ಲೂ ಬರೆದಿಡುತ್ತದೆ. 80ಡಿಯಲ್ಲಿರುವುದು ಒಂದೇ. ಆ ಕಾರ್ಡ್ ಕೈಕೊಟ್ಟರೆ ಹೆಣ್ಣಿನ ಮನೆಯವರಿಗೆ ಏನು ಉತ್ತರ ಕೊಡುವುದು? ನನ್ನ ದೃಷ್ಟಿಯಲ್ಲಿ ಉಳಿದೆಲ್ಲ ಗುಣಗಳೂ ಇದರ ನಂತರದವು.

ಚನ್ನಗಿರಿಯ ಅಡಿಕೆ ತೋಟದಲ್ಲಿ ಜೋಡಿಯ ಫೋಟೋ ತೆಗೆದವರಿಗೆ ಇನ್ನೊಂದು ವ್ಯತ್ಯಾಸ ಬೇಗ ಕಾಣುತ್ತದೆ. ಮುಖದ ಮೇಲೆ ನೆರಳು, ಹಿಂದೆ ಕಣ್ಣು ಕುಕ್ಕುವ ಬಿಸಿಲು. ಬಿಸಿಲು ಸುಟ್ಟುಹೋಗದಂತೆ ಕಡಿಮೆ ಐಎಸ್‌ಒದಲ್ಲಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ನೆರಳನ್ನು ಎತ್ತಿದರೆ ನಿಕಾನ್ ಚಿತ್ರ ಶುಭ್ರವಾಗಿಯೇ ಉಳಿಯುತ್ತದೆ. ಕ್ಯಾನನ್‌ನದರಲ್ಲಿ ಕಾಳುಕಾಳು ಬೇಗ ಏಳುತ್ತದೆ.

ಹಾಗೆಂದು 80ಡಿ ಸಾಮಾನ್ಯದ್ದಲ್ಲ. ಅದರ ಪರದೆ ಹೊರಳುತ್ತದೆ, ಬೆರಳು ಮುಟ್ಟಿದಲ್ಲಿ ಫೋಕಸ್ ಆಗುತ್ತದೆ. ಅಕ್ಷತೆ ಹಾಕಲು ಜನ ಮುಗಿಬಿದ್ದಾಗ ಕ್ಯಾಮೆರಾವನ್ನು ತಲೆಯ ಮೇಲೆತ್ತಿ, ಪರದೆ ನೋಡಿಕೊಂಡೇ ತೆಗೆಯಬಹುದು. ಡಿ7200ರ ಪರದೆ ಅಲುಗಾಡದು, ಮೇಲಾಗಿ ಪರದೆ ನೋಡಿ ತೆಗೆಯುವಾಗ ಅದರ ಫೋಕಸ್ ತಡಕಾಡುತ್ತದೆ. ನಡೆದು ಬರುವ ಮದುಮಗಳನ್ನು ವಿಡಿಯೊದಲ್ಲಿ 80ಡಿ ಹಿಂಬಾಲಿಸುವಷ್ಟು ನಯವಾಗಿ ಇದು ಹಿಂಬಾಲಿಸಲಾರದು.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಿಂದ ಕೊಂಡುಕುರಿ ವನ್ಯಧಾಮವಿದೆ. ಅಲ್ಲಿಗೆ ಹೋಗುವ ಹವ್ಯಾಸಿಗಳು ನಿಕಾನ್ ಸೆಕೆಂಡಿಗೆ 6 ಚಿತ್ರ, ಕ್ಯಾನನ್ 7 ಎಂಬ ಲೆಕ್ಕಕ್ಕೆ ಜೋತುಬೀಳುವುದು ಬೇಡ. ಕುರುಚಲಲ್ಲಿ ಮರೆಯಾಗುವ ಆ ನಾಚಿಕೆಯ ಪ್ರಾಣಿಗೆ ಬೇಕಾದ್ದು ಉದ್ದನೆಯ ಲೆನ್ಸ್, ತಾಳ್ಮೆ. ನಸುಕಿನಲ್ಲಿ ನಡುಬಿಂದುವಿನಿಂದ ಫೋಕಸ್ ಹಿಡಿಯುವುದರಲ್ಲಿ ಎರಡೂ ಸಮಬಲ. ಕ್ಯಾಮೆರಾದ ಮೇಲೆ ಸುರಿಯುವ ದುಡ್ಡು ಲೆನ್ಸಿಗೆ ಹೋಗಲಿ.

ವಿಡಿಯೊವೇ ಮುಖ್ಯ ಕಸುಬಾದರೆ 80ಡಿ ಕೊಳ್ಳಿ. ಮದುವೆಯ ಆಲ್ಬಂ ಮಾಡಿಕೊಡುವವರಿಗೆ ನನ್ನ ಆಯ್ಕೆ ಡಿ7200. ಕೊಳ್ಳುವ ಮೊದಲು ಅದರ ಎರಡೂ ಸ್ಲಾಟುಗಳಿಗೆ ಕಾರ್ಡ್ ಹಾಕಿ, ಚಿತ್ರ ತೆಗೆದು ಪರೀಕ್ಷಿಸಿಕೊಳ್ಳಿ.