ಹೊಟ್ಟೆನೋವಿನ ಹಿಂದಿನ ಮಾತು ಕೇಳುವವರು

ಸಾಲಿಗೆ ಹೋಗೂ ಹೊತ್ತಿಗೇ ಹೊಟ್ಟಿ ನೋಯತೈತಿ ಅನ್ನುವ ಮಗುವನ್ನು ಗದರಿಸುವುದು ಸುಲಭ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಹಳ್ಳಿಗಳಲ್ಲಿ ಅದಕ್ಕೆ ಮೊದಲ ಮದ್ದು ದೃಷ್ಟಿ ತೆಗೆಯುವುದು, ಆಮೇಲೆ ತಾಯತ. ಡಾಕ್ಟರ ಸರದಿ ಬರುವುದು ತಡವಾಗಿ.

ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲದಿದ್ದರೂ ನೋವು ಮಾತ್ರ ನಿಜ, ಅದು ಅಂಜಿಕೆಯ ನೋವು ಎಂದು ನಂಬುವ ಕಸುಬುದಾರರನ್ನು ನಾನು ಮೆಚ್ಚುತ್ತೇನೆ. ಮಗು ಬಾಯಿ ಬಿಡದಿದ್ದರೆ ಆಪ್ತಸಮಾಲೋಚಕರು ಬಣ್ಣದ ಪೆನ್ಸಿಲ್ಲು, ಗೊಂಬೆ ಮುಂದಿಡುತ್ತಾರೆ, 'ಯಾಕೆ ಹೋಗಲ್ಲ?' ಎನ್ನದೆ, ಸಾಲಿಯಲ್ಲಿ ಯಾರ ಪಕ್ಕ ಕೂಡತಿ ಎಂದು ಕೇಳುತ್ತಾರೆ. ಬೈಗುಳ, ಓದಲು ತೊಡಕು, ಗುಳೆ ಹೋದ ಅಪ್ಪ ಅವ್ವ: ಕಾರಣ ನಿಧಾನಕ್ಕೆ ಹೊರಬರುತ್ತದೆ. ಅವಸರ ಮಾಡದಿರುವುದೇ ಇಲ್ಲಿ ಅರ್ಧ ವಿದ್ಯೆ.

ಈ ಕೆಲಸಕ್ಕೆ ನಮ್ಮ ನಾಡಿನಲ್ಲಿ ಬೇರುಗಳಿವೆ. ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮ ಮನೋವೈದ್ಯರನ್ನು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ತಂದಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತು.

ಆದರೂ ನನ್ನ ಲೆಕ್ಕದಲ್ಲಿ ಮೊದಲ ಮಣೆ ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಅಕ್ಕನಿಗೆ. ಮಂಕಾದ ಮಗು ಮೊದಲು ಕಣ್ಣಿಗೆ ಬೀಳುವುದು ಅವರಿಗೇ. 'ಹುಚ್ಚರ ಆಸ್ಪತ್ರಿಗೆ ಯಾಕ ಕರಕೊಂಡು ಹೋಗಲಿ ನಮ್ಮ ಹುಡುಗನ್ನ?' ಎಂದು ಸಿಡಿಯುವ ಅಜ್ಜಿಯನ್ನು ಒಪ್ಪಿಸುವುದೂ ಅವರೇ. ಇಷ್ಟಕ್ಕೆ ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ.