ಕಪಾಲಬೆಟ್ಟವೂ ನಮ್ಮ ಬೈಬಲ್ ಸಂಶೋಧನೆಯೂ

ಬೆಂಗಳೂರಿನ ಕಥೋಲಿಕ ದೈವಶಾಸ್ತ್ರ ಪೀಠಗಳಲ್ಲಿ ಬೈಬಲ್ ಅಧ್ಯಯನ ಇಂದು ಗಟ್ಟಿಯಾದ ನೆಲೆಯ ಮೇಲೆ ನಿಂತಿದೆ. ಮಲ್ಲೇಶ್ವರದ ಸಂತ ಪೇತ್ರರ ಗುರುಮಠವಾಗಲಿ, ಧರ್ಮಾರಾಮ್ ವಿದ್ಯಾಕ್ಷೇತ್ರವಾಗಲಿ ಈ ಶಾಸ್ತ್ರವನ್ನು ಹಗುರವಾಗಿ ಕಂಡ ಸಂಸ್ಥೆಗಳಲ್ಲ. ಹನ್ನೆರಡನೆಯ ಭಕ್ತಿನಾಥರು 1943ರಲ್ಲಿ ತಮ್ಮ ಪರಿಪತ್ರದ ಮೂಲಕ ತೆರೆದ ಬಾಗಿಲು, ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ‘ದೇಯಿ ವೆರ್ಬುಮ್’ ಮೂಲಕ ಇನ್ನಷ್ಟು ಅಗಲ ಮಾಡಿದ ಬಾಗಿಲು, ಇವೆರಡರೊಳಗಿಂದ ನಮ್ಮ ಅಭ್ಯರ್ಥಿಗಳು ಧೈರ್ಯವಾಗಿಯೇ ಒಳಹೊಕ್ಕಿದ್ದಾರೆ. ಗ್ರೀಕ್, ಹಿಬ್ರೂ ಬಾರದವರಿಗೆ ಬೈಬಲ್ ವಿಭಾಗದಲ್ಲಿ ಎಡೆಯಿಲ್ಲ. ಜರ್ಮನ್ ಅಥವಾ ಫ್ರೆಂಚ್ ಬಂದರೆ ಮೆಚ್ಚುಗೆಯುಂಟು. ಕನ್ನಡ ಬಂದರೆ ಅದು ಧರ್ಮಕೇಂದ್ರದ ಕೆಲಸಕ್ಕೆ ಅನುಕೂಲವೆಂದು ಎಣಿಸಲಾಗುತ್ತದೆಯೇ ಹೊರತು ಸಂಶೋಧನೆಗೆ ಬೇಕಾದ ಭಾಷೆಯೆಂದು ಅಲ್ಲ. ಈ ಲೇಖನದ ತಕರಾರು ಇದೊಂದೇ. ಅದನ್ನು ತತ್ತ್ವದ ಮಟ್ಟದಲ್ಲಿ ಚರ್ಚಿಸುವುದಕ್ಕಿಂತ ಒಂದು ಹೆಸರನ್ನು ಹಿಡಿದು ನೋಡುವುದು ಮೇಲು.

ಕನಕಪುರ ತಾಲ್ಲೂಕಿನ ಹಾರೋಬೆಲೆ ಹೊರಗಿನವರಿಗೆ ಅರ್ಕಾವತಿಯ ಅಣೆಕಟ್ಟಿನಿಂದ ಪರಿಚಿತ. ಕನ್ನಡ ಕಥೋಲಿಕರಿಗೆ ಅದು ಮೈಸೂರು ಮಿಷನ್ನಿನ ಯೇಸುಸಭೆಯವರ ನೆನಪನ್ನು ಉಳಿಸಿಕೊಂಡಿರುವ ಹಳೆಯ ಕ್ರೈಸ್ತ ಊರು. ಶುಭಶುಕ್ರವಾರದ ಹೊತ್ತಿಗೆ ಊರಿನವರೇ ಆಡುವ ‘ಮಹಿಮೆ’ ಎಂಬ ಯಾತನೆಯ ನಾಟಕಕ್ಕೆ ಅಲ್ಲಿ ನೂರು ವರ್ಷ ಮೀರಿದ ಪರಂಪರೆಯಿದೆ. ಊರ ಬಳಿಯ ಗುಡ್ಡವನ್ನು ಅವರು ಕಪಾಲಬೆಟ್ಟ ಎಂದು ಕರೆಯುತ್ತಾರೆ.

ಈ ಹೆಸರಿನಲ್ಲಿ ಎರಡು ಪದಗಳಿವೆ. ಎರಡೂ ವ್ಯಾಖ್ಯಾನಗಳೇ.

ಮೊದಲು ‘ಬೆಟ್ಟ’. ನಾಲ್ಕು ಶುಭಸಂದೇಶಗಳಲ್ಲಿ ಒಂದೂ ಗೊಲ್ಗೊಥಾವನ್ನು ಬೆಟ್ಟವೆಂದು ಹೇಳುವುದಿಲ್ಲ. ಮಾರ್ಕ, ಮತ್ತಾಯ, ಯೊವಾನ್ನರು ‘ಸ್ಥಳ’ ಎನ್ನುತ್ತಾರೆ. ಲೂಕರು ಅರಮಾಯಿಕ್ ಹೆಸರನ್ನೂ ಬಿಟ್ಟು, ‘ತಲೆಬುರುಡೆ’ ಎಂಬ ಸ್ಥಳವೆಂದಷ್ಟೇ ಬರೆಯುತ್ತಾರೆ. ಅದು ನಗರಕ್ಕೆ ಹತ್ತಿರ (ಯೊವಾನ್ನ 19:20), ಅಲ್ಲೊಂದು ತೋಟವಿದೆ (19:41), ದಾರಿಹೋಕರು ತಲೆಯಾಡಿಸಿ ಹಂಗಿಸುವಷ್ಟು ಹಾದಿಗೆ ಸಮೀಪ (ಮಾರ್ಕ 15:29). ಇಷ್ಟೇ ನಮಗೆ ಸಿಗುವುದು. ಗುಡ್ಡದ ಮಾತು ಕಾಣಿಸಿಕೊಳ್ಳುವುದು ಯಾತ್ರಿಕರ ಬಾಯಲ್ಲಿ: ಕ್ರಿ.ಶ. 333ರಲ್ಲಿ ಜೆರುಸಲೇಮಿಗೆ ಬಂದ ಬೋರ್ಡೋ ಊರಿನ ಅನಾಮಿಕ ಯಾತ್ರಿಕ ಗೊಲ್ಗೊಥಾವನ್ನು ‘ಸಣ್ಣ ಗುಡ್ಡ’ ಎಂದು ಗುರುತಿಸಿದ. ಅಲ್ಲಿಂದ ಮುಂದೆ ಚಿತ್ರಕಾರರು, ಗೀತಕಾರರು, ಪ್ರಬೋಧಕರು ಸೇರಿ ಆ ಗುಡ್ಡವನ್ನು ಎತ್ತರಿಸುತ್ತಲೇ ಹೋದರು. ಇಟಲಿಯ ವರಾಲ್ಲೊದಲ್ಲಿ ಫ್ರಾನ್ಸಿಸ್ಕನ್ನರು 15ನೆಯ ಶತಮಾನದ ಕೊನೆಗೆ ಇಡೀ ಜೆರುಸಲೇಮನ್ನೇ ಒಂದು ಬೆಟ್ಟದ ಮೇಲೆ ಕಟ್ಟಲು ಹೊರಟರು.

ಇಷ್ಟನ್ನು ಹೇಳಿ ‘ಆದುದರಿಂದ ಕಪಾಲಬೆಟ್ಟ ಎಂಬುದು ತಪ್ಪು’ ಎಂದು ತೀರ್ಪು ಕೊಡುವ ವಿದ್ವಾಂಸನನ್ನು ನಾವು ಒಪ್ಪಲಾರೆವು. ಹಾರೋಬೆಲೆಯವರು ಬದುಕಿರುವ ಸೀಮೆಯನ್ನು ಒಮ್ಮೆ ನೋಡಬೇಕು. ರಾಮನಗರದಲ್ಲಿ ರಾಮದೇವರ ಬೆಟ್ಟವಿದೆ. ರಾಮನ ವನವಾಸ ಅಲ್ಲಿನ ಬಂಡೆಗಳಿಗೆ ಹೊಂದಿಕೊಂಡಿದೆ. ಮಾಗಡಿಯ ಸಾವನದುರ್ಗದ ಬುಡದಲ್ಲಿ ನರಸಿಂಹನೂ ವೀರಭದ್ರನೂ ನೆಲೆಸಿದ್ದಾರೆ. ಕನಕಪುರದ ಸೀಮೆಯಲ್ಲೇ ಕಬ್ಬಾಳದುರ್ಗವೂ ಕಬ್ಬಾಳಮ್ಮನೂ ಇದ್ದಾರೆ. ಚನ್ನಪಟ್ಟಣದ ದೊಡ್ಡಮಳೂರಿನಲ್ಲಿ ಅಂಬೆಗಾಲು ಕೃಷ್ಣನನ್ನು ನೋಡಿ ಬಂದವರಿಗೆ ಗೋಕುಲ ದೂರದ ಊರಾಗಿ ಉಳಿಯುವುದಿಲ್ಲ. ದೂರದ ಪವಿತ್ರ ಕಥೆಯನ್ನು ಕಣ್ಣೆದುರಿನ ಕಲ್ಲಿಗೆ ಇಳಿಸಿಕೊಂಡು ಓದುವುದು ಈ ನಾಲ್ಕೂ ತಾಲ್ಲೂಕುಗಳ ಓದಿನ ಕ್ರಮ. ಹಾರೋಬೆಲೆಯ ಕ್ರೈಸ್ತರು ಅದೇ ಕ್ರಮದಲ್ಲಿ ಶುಭಸಂದೇಶವನ್ನು ಓದಿದ್ದಾರೆ. ಬೋರ್ಡೋ ಯಾತ್ರಿಕ ಮಾಡಿದ್ದೂ ಬೇರೆಯೇನಲ್ಲ. ಅವನ ಬರಹಕ್ಕೆ ಅಡಿಟಿಪ್ಪಣಿಯ ಗೌರವ ಸಿಕ್ಕಿತು. ಇವರ ಬೆಟ್ಟ ನಮ್ಮ ಪೀಠಗಳ ವಿಷಯಪಟ್ಟಿಗೆ ಹತ್ತಲಿಲ್ಲ.

ಇನ್ನು ‘ಕಪಾಲ’. ಗ್ರೀಕಿನ ‘ಕ್ರಾನಿಯೋನ್’ ಬರಿಯ ಅಂಗರಚನೆಯ ಪದ. ಕನ್ನಡ ಬೈಬಲಿನ ಓದುಗರಿಗೆ ಪರಿಚಿತವಾಗಿರುವ ‘ಕಪಾಲ’ ಹಾಗಲ್ಲ. ಅದರ ಜೊತೆಯಲ್ಲಿ ಬ್ರಹ್ಮನ ತಲೆಯನ್ನು ಕತ್ತರಿಸಿದ ಶಿವ, ಕೈಗಂಟಿದ ಬುರುಡೆ, ಭಿಕ್ಷಾಟನೆ, ಕಾಶಿಯಲ್ಲಿ ಆದ ಬಿಡುಗಡೆ ಎಲ್ಲವೂ ಬರುತ್ತವೆ. ಪಾಪದ ಗುರುತಾಗಿ ತಲೆಬುರುಡೆಯನ್ನು ಹೊತ್ತು ಅಲೆಯುವ ಕಥೆಯನ್ನು ಕೇಳಿ ಬೆಳೆದ ಕಿವಿಗೆ ಕಪಾಲಸ್ಥಳದ ಶಿಲುಬೆ ಏನನ್ನು ಹೇಳುತ್ತದೆ? ಇದಕ್ಕೆ ಕ್ರೈಸ್ತ ಪರಂಪರೆಯಲ್ಲಿಯೇ ಒಂದು ಸಮಾನಾಂತರವಿದೆ. ಗೊಲ್ಗೊಥಾದ ಅಡಿಯಲ್ಲಿ ಆದಾಮನ ಬುರುಡೆ ಇದೆಯೆಂಬ ಐತಿಹ್ಯವನ್ನು ಒರಿಜೆನರು ಬಲ್ಲವರಾಗಿದ್ದರು. ಸಂತ ಜೆರೋಮರು ತಮ್ಮ ಮತ್ತಾಯ ವ್ಯಾಖ್ಯಾನದಲ್ಲಿ ಅದನ್ನು ಕಿವಿಗೆ ಇಂಪಾದರೂ ನಿಜವಲ್ಲವೆಂದು ತಳ್ಳಿಹಾಕಿ, ಅಪರಾಧಿಗಳ ತಲೆ ಕಡಿಯುವ ಜಾಗವಾದ್ದರಿಂದ ಆ ಹೆಸರು ಬಂತೆಂದರು. ಆದರೂ ಶಿಲುಬೆಯ ಬುಡದ ಬುರುಡೆ ಚಿತ್ರಗಳಿಂದ ಅಳಿಯಲಿಲ್ಲ. ಆದಿ ಪಾಪದ ಬುರುಡೆಯ ಮೇಲೆ ಬಿಡುಗಡೆಯ ರಕ್ತ ಬೀಳುವ ಆ ಚಿತ್ರಕ್ಕೂ ಕಪಾಲಮೋಚನದ ಕಥೆಗೂ ಇರುವ ಹತ್ತಿರ ಎಷ್ಟು, ಅಂತರ ಎಷ್ಟು ಎಂಬುದು ಒಬ್ಬ ಅಭ್ಯರ್ಥಿಯ ಎರಡು ವರ್ಷದ ಶ್ರಮಕ್ಕೆ ತಕ್ಕ ವಿಷಯ. (ಕನ್ನಡದ್ದೇ ಆದ ‘ಬುರುಡೆ’ಯನ್ನು ಅನುವಾದಕರು ಮುಟ್ಟದಿರಲು ಕಾರಣ ಊಹಿಸಬಹುದು: ‘ಬುರುಡೆ ಬಿಡುವ’ವರ ನಾಡಿನಲ್ಲಿ ಆ ಪದವನ್ನು ಯಾತನೆಯ ವೃತ್ತಾಂತಕ್ಕೆ ತರುವುದು ಅಪಾಯ.)

ಮೈಸೂರು ಸೀಮೆಯಲ್ಲಿ ದುಡಿದ ಅಬೆ ದುಬ್ವಾ 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಬೈಬಲನ್ನು ದೇಶಭಾಷೆಗಳಿಗೆ ತರುವುದರಿಂದ ಲಾಭಕ್ಕಿಂತ ಕೆಡುಕೇ ಹೆಚ್ಚೆಂದು ವಾದಿಸಿದರು. ಪ್ರಾಟೆಸ್ಟಂಟ್ ಮಿಷನರಿಗಳು ಅದಕ್ಕೆ ಬಿರುಸಾಗಿಯೇ ಉತ್ತರಿಸಿದರು; 1831ರ ಹೊತ್ತಿಗೆ ಜಾನ್ ಹ್ಯಾಂಡ್ಸರ ಶ್ರಮದಿಂದ ಸಂಪೂರ್ಣ ಕನ್ನಡ ಬೈಬಲ್ ಅಚ್ಚಾಯಿತು. ದುಬ್ವಾ ಅವರ ತೀರ್ಮಾನವನ್ನು ಧರ್ಮಸಭೆ ಬಿಟ್ಟುಕೊಟ್ಟಿರುವುದು ಸರಿಯೇ. ಆದರೆ ಈ ಪದ ಈ ನೆಲದ ಕಿವಿಯಲ್ಲಿ ಹೇಗೆ ಕೇಳುತ್ತದೆ ಎಂದು ಅವರು ಕೇಳಿದ ಪ್ರಶ್ನೆಯನ್ನೂ ಜೊತೆಗೇ ಬಿಟ್ಟುಬಿಟ್ಟದ್ದು ನಷ್ಟ.

ಐತಿಹಾಸಿಕ ವಿಮರ್ಶೆ ಜನರ ಭಕ್ತಿಯಿಂದ ಬೆಟ್ಟವನ್ನು ಕಿತ್ತುಕೊಳ್ಳುತ್ತದೆ, ಪ್ರತಿಯಾಗಿ ಏನನ್ನೂ ಕೊಡುವುದಿಲ್ಲ ಎಂಬ ಅಂಜಿಕೆ ನಮ್ಮ ಗುರುವರ್ಗದಲ್ಲಿದೆ. ಈ ಸಂದರ್ಭದಲ್ಲಿ ಅದು ಆಧಾರವಿಲ್ಲದ ಅಂಜಿಕೆ. ಜೆರುಸಲೇಮಿನ ಪವಿತ್ರ ಸಮಾಧಿ ದೇವಾಲಯದಲ್ಲಿ ಫ್ರಾನ್ಸಿಸ್ಕನ್ ಪುರಾತತ್ತ್ವಜ್ಞ ವಿರ್ಜೀಲಿಯೊ ಕೊರ್ಬೊ ನಡೆಸಿದ ಅಗೆತಗಳು ಸ್ಪಷ್ಟಪಡಿಸಿದ ಸಂಗತಿಯೊಂದಿದೆ: ಆ ಜಾಗ ಒಂದು ಹಳೆಯ ಕಲ್ಲುಗಣಿ. ಶತಮಾನಗಳ ಕಾಲ ಕಟ್ಟಡದ ಕಲ್ಲು ತೆಗೆದಿದ್ದ ಆ ಗಣಿಯಲ್ಲಿ ಕಡಿಯದೆ ಬಿಟ್ಟ ಬಂಡೆಯ ತುಂಡೊಂದು ಉಳಿದಿತ್ತು. ಅದೇ ಗೊಲ್ಗೊಥಾದ ಬಂಡೆಯೆಂದು ಪೂಜೆಗೊಳ್ಳುತ್ತಿರುವುದು. ಕನಕಪುರದ ಜನರಿಗೆ ಕಲ್ಲುಗಣಿ ಎಂದರೆ ಏನೆಂದು ಯಾರೂ ವಿವರಿಸಬೇಕಾಗಿಲ್ಲ. ಉಳಿ, ಸುತ್ತಿಗೆ, ಸಿಡಿಮದ್ದು, ದೂಳು, ಬಂಡೆ ತೆಗೆದ ಮೇಲೆ ನೀರು ನಿಂತ ಹಳ್ಳ, ಕೆಲಸಕ್ಕೆ ಬಾರದೆಂದು ಬದಿಗೆ ಬಿಟ್ಟ ಕಲ್ಲು ಎಲ್ಲವೂ ಅವರು ಕಂಡಂಥವೇ. ಆ ಬಂಡೆಯನ್ನು 118ನೆಯ ಕೀರ್ತನೆಯ ತಿರಸ್ಕೃತ ಕಲ್ಲಿಗೆ ಜೋಡಿಸಿ ಪ್ರಬೋಧನೆ ಮಾಡುವವರಿದ್ದಾರೆ. ಶುಭಸಂದೇಶಕಾರರು ಹಾಗೆ ಜೋಡಿಸಿಲ್ಲವೆಂಬುದನ್ನು ವಿದ್ವಾಂಸ ನೆನಪಿಸಬೇಕು. ನೆನಪಿಸಿದ ಮೇಲೂ ಆ ಚಿತ್ರದ ಬಲ ಕುಂದುವುದಿಲ್ಲ. ಬೆಟ್ಟಕ್ಕಿಂತ ಗಣಿಯೇ ಗೊಲ್ಗೊಥಾವನ್ನು ಕನಕಪುರಕ್ಕೆ ಹೆಚ್ಚು ಹತ್ತಿರ ತರುತ್ತದೆ. ಈ ವಿಷಯ ಇಟಾಲಿಯನ್, ಇಂಗ್ಲಿಷ್ ಗ್ರಂಥಗಳಲ್ಲಿ ದಶಕಗಳಿಂದ ಇದೆ. ಗಣಿಯವರ ಕಿವಿಗೆ ಅದನ್ನು ತಲುಪಿಸುವುದು ಯಾರ ಹೊಣೆಯೆಂದು ನಮ್ಮ ಪೀಠಗಳು ತೀರ್ಮಾನಿಸಿಲ್ಲ.

2019ರ ಡಿಸೆಂಬರ್ 25ರಂದು ಇದೇ ಕಪಾಲಬೆಟ್ಟದಲ್ಲಿ 114 ಅಡಿಯ ಯೇಸು ಪ್ರತಿಮೆಗೆ ಶಂಕುಸ್ಥಾಪನೆಯಾಯಿತು. 2020ರ ಜನವರಿಯಲ್ಲಿ ವಿರೋಧವಾಗಿ ಕನಕಪುರದಲ್ಲಿ ಮೆರವಣಿಗೆ ನಡೆಯಿತು. ಅದು ಮುನೇಶ್ವರ ಬೆಟ್ಟವೆಂಬ ವಾದವೂ ಕೇಳಿಬಂತು. ಜಮೀನಿನ ಹಕ್ಕು, ರಾಜಕೀಯ ಲೆಕ್ಕಾಚಾರ ಇಲ್ಲಿ ನಮ್ಮ ವಿಷಯವಲ್ಲ. ಪ್ರತಿಮೆಯ ಎತ್ತರದ ಬಗ್ಗೆ ನಮಗೆ ಉತ್ಸಾಹವೂ ಇಲ್ಲ. ಆದರೆ ಒಂದು ಬೆಟ್ಟದ ಹೆಸರು ನಾಡಿನ ಬಾಯಲ್ಲೆಲ್ಲ ಓಡಾಡಿದ ಆ ದಿನಗಳಲ್ಲಿ ಜನ ಎಷ್ಟು ಕಾಲದಿಂದ, ಯಾವ ಓದಿನಿಂದ ಅದನ್ನು ಹಾಗೆ ಕರೆಯುತ್ತಾರೆ, ಆ ಕರೆಯುವಿಕೆಗೆ ಬೈಬಲಿನ ಆಧಾರವೆಷ್ಟು ಎಂದು ಶಾಂತವಾಗಿ ಹೇಳಬಲ್ಲ ಬರಹವೊಂದು ಕನ್ನಡದಲ್ಲಿ ಕೈಗೆ ಸಿಗುವಂತಿರಬೇಕಿತ್ತು. ಅಂಥ ಬರಹ ವಿಶ್ವವಿದ್ಯಾಲಯದಿಂದ ಬರದಿದ್ದರೆ ಮತ್ತೆಲ್ಲಿಂದ ಬಂದೀತು?

ಜನರ ಓದನ್ನು ಗೌರವಿಸುವುದೆಂದರೆ ಅದನ್ನು ವಿಮರ್ಶೆಯಿಂದ ಹೊರಗಿಡುವುದೆಂದು ಅರ್ಥವಲ್ಲ. ಬೆಟ್ಟದ ವಿಷಯದಲ್ಲಿ ವಿದ್ವಾಂಸ ಸುಮ್ಮನಿದ್ದರೆ ಹೆಚ್ಚಿನ ಕೇಡಿಲ್ಲ. ಯಾತನೆಯ ನಾಟಕದ ಇನ್ನೊಂದು ಪದದ ವಿಷಯದಲ್ಲಿ ಅವನು ಸುಮ್ಮನಿರಬಾರದು. ಆ ಪದ ‘ಯೆಹೂದ್ಯರು’.

ಶುಭಶುಕ್ರವಾರ ನಾವು ಪಠಿಸುವುದು ಸಂತ ಯೊವಾನ್ನರ ವೃತ್ತಾಂತ. ಅವರ ಶುಭಸಂದೇಶದಲ್ಲಿ ಈ ಪದ ಸುಮಾರು 70 ಸಲ ಬರುತ್ತದೆ; ಎಲ್ಲ ಕಡೆಯೂ ಒಂದೇ ಅರ್ಥದಲ್ಲಿಲ್ಲ. 19ನೆಯ ಅಧ್ಯಾಯವನ್ನೇ ನೋಡೋಣ. 6ನೆಯ ವಚನದಲ್ಲಿ ಶಿಲುಬೆಗೇರಿಸಬೇಕೆಂದು ಕೂಗುವವರು ಮುಖ್ಯಯಾಜಕರು ಮತ್ತು ಕಾವಲಿನವರು. 7ರಲ್ಲಿ ಪಿಲಾತನಿಗೆ ಉತ್ತರಿಸುವವರು ‘ಯೆಹೂದ್ಯರು’. 15ರಲ್ಲಿ ಮತ್ತೆ ಮುಖ್ಯಯಾಜಕರು. ಅದೇ ಅಂಗಳ, ಅದೇ ಜನ. ಇಲ್ಲಿ ‘ಯೆಹೂದ್ಯರು’ ಎಂದರೆ ಅಧಿಕಾರದಲ್ಲಿದ್ದ ಒಂದು ಗುಂಪು ಎಂಬುದನ್ನು ಪಠ್ಯವೇ ತೋರಿಸಿಕೊಡುತ್ತದೆ. ಹಾಗೆಂದು ಅನುವಾದಕ ಎಲ್ಲೆಡೆಯೂ ‘ಯೆಹೂದ್ಯ ಮುಖಂಡರು’ ಎಂದು ತಿದ್ದಿದರೆ, ಉದ್ಧಾರ ಯೆಹೂದ್ಯರಿಂದಲೇ ಬರುತ್ತದೆಂದು ಸಮಾರ್ಯದ ಹೆಂಗಸಿಗೆ ಯೇಸು ಹೇಳುವ ಮಾತೂ (4:22) ಶಿಲುಬೆಯ ಮೇಲಿನ ಬರಹವೂ ಕೆಡುತ್ತವೆ. ಆದುದರಿಂದ ಬೈಬಲಿನ ಪಠ್ಯದಲ್ಲಿ ಆ ಪದ ಇದ್ದಂತೆಯೇ ಇರಲಿ ಎಂಬ ಪಕ್ಷ ನಮ್ಮದು. ನಾಟಕ ಬರೆಯುವವರಿಗೆ ಆ ಕಟ್ಟುಪಾಡಿಲ್ಲ. ಅವರು ಮಾತನ್ನು ಒಂದು ಪಾತ್ರದ ಬಾಯಲ್ಲಿ ಇಡಲೇಬೇಕು, ಆ ಪಾತ್ರಕ್ಕೆ ಹೆಸರು, ವೇಷ, ಅಂತಸ್ತು ಕೊಡಲೇಬೇಕು. ಕಾಯಿಫನ ಆಸ್ಥಾನದವರೆಂದು ತೋರಿಸಬಹುದಾದವರನ್ನು ಒಂದು ಜನಾಂಗವೆಂದು ತೋರಿಸಿದರೆ ಅದು ಅವರ ಆಯ್ಕೆ, ಶುಭಸಂದೇಶದ್ದಲ್ಲ.

ಮತ್ತಾಯ 27:25 ಇನ್ನೂ ಕಠಿಣ. ಈತನ ರಕ್ತದ ಹೊಣೆ ತಮ್ಮ ಮೇಲೂ ತಮ್ಮ ಮಕ್ಕಳ ಮೇಲೂ ಇರಲಿ ಎನ್ನುವ ಆ ಕೂಗಿನ ಹೊತ್ತಿಗೆ ಮತ್ತಾಯರು ‘ಗುಂಪು’ ಎಂಬ ಪದವನ್ನು ಬಿಟ್ಟು ‘ಪ್ರಜೆ’ ಎಂಬ ಪದ ಬಳಸುತ್ತಾರೆ. ಕ್ರಿ.ಶ. 70ರ ಜೆರುಸಲೇಮಿನ ನಾಶವನ್ನು ಕಂಡ ಪೀಳಿಗೆಯ ನೋವು ಅದರ ಹಿಂದಿದೆ ಎಂಬುದು ಬಹುಪಾಲು ವ್ಯಾಖ್ಯಾನಕಾರರ ಮತ. ಅದೇ ಮತ್ತಾಯರು ಕಡೆಯ ಭೋಜನದಲ್ಲಿ ಆ ರಕ್ತವನ್ನು ಪಾಪಕ್ಷಮೆಗಾಗಿ ಸುರಿಸುವ ರಕ್ತವೆಂದು ಆಗಲೇ ಹೇಳಿದ್ದಾರೆ (26:28). ಇಷ್ಟು ತಿಳಿಯದೆ ಕೇಳಿದವರಿಗೆ ಅದು ಕುಲಕ್ಕೆ ತಗುಲಿದ ಶಾಪ. ಯೂರೋಪಿನಲ್ಲಿ ಅದು ಹಾಗೆಯೇ ಕೇಳಿಸಿತು, ಪರಿಣಾಮ ಎಲ್ಲರೂ ಬಲ್ಲರು. 1633ರ ಹರಕೆಯಿಂದ ಹುಟ್ಟಿದ ಓಬರಮ್ಮರ್‌ಗೌ ಊರಿನ ಯಾತನೆಯ ನಾಟಕವನ್ನು 1934ರಲ್ಲಿ ಹಿಟ್ಲರ್ ಬಂದು ನೋಡಿದ್ದ. 1965ರ ‘ನೋಸ್ತ್ರಾ ಎತಾತೆ’ ಘೋಷಣೆ, ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸುವಂತಿಲ್ಲವೆಂದು ಸಾರಿದ ಮೇಲೂ ಆ ಊರು ನಿಧಾನವಾಗಿಯೇ ಬದಲಾಯಿತು. 2000ದ ಪ್ರಯೋಗದಲ್ಲಿ ಆ ರಕ್ತದ ಕೂಗನ್ನು ಕೈಬಿಟ್ಟಿತು.

ಕನಕಪುರದಲ್ಲಿ ಯೆಹೂದ್ಯರಿಲ್ಲ, ಇಲ್ಲಿ ಅಪಾಯವೇನು ಎಂದು ಕೇಳುವವರುಂಟು. ಯೆಹೂದ್ಯರಿಲ್ಲ, ನಿಜ. ತಲೆತಲಾಂತರಕ್ಕೆ ಕಳಂಕ ಹೊತ್ತ ಕುಲವೊಂದು ಇರುತ್ತದೆ, ಹುಟ್ಟಿನಿಂದಲೇ ಅಪರಾಧಿಯಾಗುವವರು ಇರುತ್ತಾರೆ ಎಂಬ ನಂಬಿಕೆ ಮಾತ್ರ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಧರ್ಮಕೇಂದ್ರಗಳ ಒಳಗೂ ಅದು ಪೂರ್ತಿ ಸತ್ತಿಲ್ಲ. ಆ ನಂಬಿಕೆಗೆ ಶುಭಶುಕ್ರವಾರವೇ ಸಾಕ್ಷಿ ನುಡಿದಂತಾದರೆ ಅದಕ್ಕಿಂತ ದೊಡ್ಡ ಅಪವ್ಯಾಖ್ಯಾನ ಇನ್ನೊಂದಿಲ್ಲ. ಒಂದು ಗ್ರೀಕ್ ಪದ ಯಾರನ್ನು ಸೂಚಿಸುತ್ತದೆಂಬ ಜಿಜ್ಞಾಸೆ ಇಲ್ಲಿ ಕೇರಿಯ ಪ್ರಶ್ನೆಯಾಗುತ್ತದೆ.

ಪುಣೆಯಲ್ಲಿ ಬೋಧಿಸುತ್ತಿದ್ದ ಯೇಸುಸಭೆಯ ಜಾರ್ಜ್ ಸೋರೆಸ್-ಪ್ರಭು ಮತ್ತಾಯರ ಬಾಲ್ಯವೃತ್ತಾಂತದ ಉದ್ಧರಣೆಗಳ ಮೇಲೆ ಬರೆದ ಗ್ರಂಥ 1976ರಲ್ಲಿ ರೋಮಿನ ಬೈಬಲ್ ಪೀಠದಿಂದ ಹೊರಬಂತು. ಐತಿಹಾಸಿಕ ವಿಮರ್ಶೆಯ ಕಸುಬಿನಲ್ಲಿ ಅವರನ್ನು ಮೀರಿಸುವವರು ನಮ್ಮ ದೇಶದಲ್ಲಿ ಕಡಮೆ. ಅವರೇ ಮುಂದೆ, ಆ ವಿಧಾನ ಭಾರತದ ಓದುಗನ ಪ್ರಶ್ನೆಗಳಿಗೆ ಉತ್ತರಿಸದೆಂದು ಕಟುವಾಗಿ ಬರೆದರು. ನಮ್ಮ ವಿದ್ಯಾರ್ಥಿಗಳು ಎರಡನೆಯ ಮಾತನ್ನು ಬೇಗ ಕಲಿಯುತ್ತಾರೆ, ಮೊದಲನೆಯ ಶ್ರಮವನ್ನು ಮರೆಯುತ್ತಾರೆ. ‘ಯೆಹೂದ್ಯರು’ ಪದದ ಉದಾಹರಣೆ ತೋರಿಸುವಂತೆ, ಆ ವಿಧಾನವನ್ನು ಬಿಟ್ಟರೆ ಬಡವನ ಪರವಾದ ಓದಿಗೂ ಹತಾರವಿರುವುದಿಲ್ಲ. ಧರ್ಮಸಭೆಯ ಬೈಬಲ್ ಆಯೋಗ 1993ರ ತನ್ನ ದಾಖಲೆಯಲ್ಲಿ ಐತಿಹಾಸಿಕ ವಿಮರ್ಶೆಯನ್ನು ಅನಿವಾರ್ಯವೆಂದಿತು. ಅದೇ ದಾಖಲೆಯಲ್ಲಿ ಪಠ್ಯವೊಂದು ಓದುಗರ ನಡುವೆ ಬೀರಿದ ಪ್ರಭಾವದ ಇತಿಹಾಸವನ್ನೂ ಅಧ್ಯಯನದ ಮಾರ್ಗಗಳಲ್ಲಿ ಸೇರಿಸಿತು. ಹಾರೋಬೆಲೆಯ ‘ಮಹಿಮೆ’ಯನ್ನು ಪ್ರೌಢಪ್ರಬಂಧದ ವಿಷಯವಾಗಿಸಲು ಇದಕ್ಕಿಂತ ಹೆಚ್ಚಿನ ಅನುಮತಿ ಬೇಕಿಲ್ಲ.

ಮಾಡಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಗ್ರೀಕ್ ಬಲ್ಲ, ಕನ್ನಡವನ್ನು ಮನೆಮಾತಾಗಿ ಆಡುವ ಒಬ್ಬ ಅಭ್ಯರ್ಥಿ ತಪಸ್ಸುಕಾಲದ ತಾಲೀಮಿನ ದಿನಗಳಲ್ಲಿ ಊರಿನವರ ಜೊತೆ ಕುಳಿತು, ಆಡುವ ಮಾತುಗಳನ್ನು ಒಂದೊಂದಾಗಿ ಯೊವಾನ್ನರ ಮತ್ತು ಮತ್ತಾಯರ ಪಕ್ಕದಲ್ಲಿಟ್ಟು ಓದಬೇಕು. ಎಲ್ಲಿ ನಾಲ್ಕು ಶುಭಸಂದೇಶಗಳು ಬೆರೆತಿವೆ, ಎಲ್ಲಿ ಊರು ತನ್ನದನ್ನು ಸೇರಿಸಿದೆ, ಸೇರಿಸಿದ್ದರಲ್ಲಿ ಉಳಿಯತಕ್ಕದ್ದು ಯಾವುದು ಎಂದು ಹಿರಿಯರನ್ನು ಕೇಳಿಯೇ ಬರೆದುಕೊಳ್ಳಬೇಕು. ಪ್ರಬಂಧ ಇಂಗ್ಲಿಷಿನಲ್ಲೇ ಆಗಬೇಕೆಂದು ಪೀಠ ಹಟ ಹಿಡಿದರೆ ಆಗಲಿ. ಒಂದು ಕನ್ನಡ ಪ್ರತಿಯನ್ನು ಮುಂದಿನ ವಿಭೂತಿ ಬುಧವಾರಕ್ಕೆ ಮೊದಲು ಹಾರೋಬೆಲೆಗೆ ಕೊಡಬೇಕೆಂಬ ಷರತ್ತನ್ನು ಮಾರ್ಗದರ್ಶಕರು ಹಾಕಲಿ. ಗುಂಪಿನ ಪಾತ್ರದ ಬಗ್ಗೆ ಆತ ಹೊಸದಾಗಿ ಏನನ್ನೂ ಕಲಿಸಬೇಕಾಗಿಲ್ಲ. ಯಾತನೆಯ ವೃತ್ತಾಂತವನ್ನು ಮೂರು ದನಿಗಳಲ್ಲಿ ಪಠಿಸುವಾಗ ನಮ್ಮ ದೇವಾಲಯಗಳಲ್ಲಿ ಗುಂಪಿನ ಕೂಗನ್ನು ಕೂಗುವವರು ಭಕ್ತರೇ. ಹಾರೋಬೆಲೆಯ ರಂಗದ ಮೇಲೂ ಆ ಗುಂಪಿನಲ್ಲಿ ನಿಲ್ಲುವವರು ಜ್ಞಾನಸ್ನಾನ ಪಡೆದ ಊರಿನವರು, ಅವರ ಮಕ್ಕಳು.