ಕುರಿಯ ಮೈಮೇಲೆ ಕತ್ತರಿ

ಉಣ್ಣೆಯ ಮೂಲ ಸಂಸ್ಕೃತದ ಊರ್ಣಾ, ಪ್ರಾಕೃತದ ಉಣ್ಣಾ. ಕತ್ತರಿ ಬಂದದ್ದು ಕರ್ತರಿಯಿಂದ. ಕುರಿಗಾರರ ಬಾಯಲ್ಲಿ ಎರಡೂ ಅಚ್ಚಕನ್ನಡವೇ ಆಗಿವೆ.

ಡೆಕ್ಕನಿ ಕುರಿಯನ್ನು ಮೊದಲು ಮೀಯಿಸಿ, ಮೈ ಒಣಗಿದ ಮೇಲೆ ಕಾಲು ಕಟ್ಟಿ ಮಲಗಿಸುತ್ತಾರೆ. ಎಡಗೈ ಚರ್ಮವನ್ನು ಬಿಗಿಹಿಡಿದರೆ ಬಲಗೈಯ ಕತ್ತರಿ ಮೈಗಂಟಿಕೊಂಡೇ ಸಾಗುತ್ತದೆ. ಹೊಟ್ಟೆಯಡಿಯ ಸಡಿಲ ಚರ್ಮ ಬಂದಾಗ ಕೈ ತಾನಾಗಿ ನಿಧಾನಿಸುತ್ತದೆ. ಒಂದೇ ಜಾಗದಲ್ಲಿ ಎರಡು ಸಲ ಕತ್ತರಿ ಆಡಿತೋ, ಎಳೆ ತುಂಡಾಗಿ ನೂಲಿಗೆ ಒದಗದು. ಕಣ್ಣಿಗಿಂತ ಮೊದಲು ಬೆರಳಿಗೇ ತಿಳಿಯುವ ಈ ಅಳತೆ ನನ್ನ ಪಾಲಿಗೆ ದೊಡ್ಡ ವಿದ್ಯೆ. ಮರಿಯ ಮೊದಲ ಉಣ್ಣೆಯಂತೂ ಎಲ್ಲಕ್ಕಿಂತ ಮೆತ್ತಗೆ.

ಹಿಂಜಿ, ನೂತು, ಹುಣಸೆಬೀಜದ ಗಂಜಿ ಹಾಕಿ ನೇಯ್ದರೆ ಕಂಬಳಿ. ಉಣ್ಣೆಯ ನಂಟು ಕಂಬಳಿಗೇ ಮುಗಿಯದು; ಮದುವೆಯಲ್ಲಿ ಉಣ್ಣೆಯ ಕಂಕಣ ಕಟ್ಟುವ ಕುರುಬರ ಪಂಗಡಕ್ಕೆ ಉಣ್ಣೆಕಂಕಣದವರೆಂದೇ ಹೆಸರು.